ಚಿತ್ರದುರ್ಗದಿಂದ ತಂದ ಒಂದು ಚಿಟಿಕೆ ಪರಾಗ

ಚಿತ್ರದುರ್ಗಕ್ಕೆ ಹೋದವರು ಕೋಟೆ ನೋಡಿ ಬರುತ್ತಾರೆ. ನಾನೂ ನೋಡಿದೆ. ಆದರೆ 2023ರ ಮೇ ತಿಂಗಳಲ್ಲಿ ಮಂಗಳೂರಿನಿಂದ ಅಷ್ಟು ದೂರ ಹೋದದ್ದು ಗೆಳೆಯನ ಮನೆಯಂಗಳದ ಕಳ್ಳಿಗಿಡಕ್ಕಾಗಿ ಎಂದರೆ ನೀವು ನಗಬಹುದು.

ನಮ್ಮ ಉಮ್ಮ ಒಂದು ಕಳ್ಳಿ ಬೆಳೆಸಿದ್ದರು. ದುಂಡಗಿನ ಮೈ, ಉದ್ದುದ್ದ ಏಣು, ಗಿಡ್ಡ ಮುಳ್ಳು. ನರ್ಸರಿಯವರು ಎಕಿನಾಪ್ಸಿಸ್ ಎನ್ನುತ್ತಾರೆ. ಬೇಸಿಗೆಯಲ್ಲಿ ಗೇಣುದ್ದದ ಬಿಳಿ ಹೂ. ಮಗ್ರಿಬ್ ಹೊತ್ತಿಗೆ ಅರಳತೊಡಗಿದರೆ ಮರುದಿನ ಮಧ್ಯಾಹ್ನದೊಳಗೆ ಜೋತುಬೀಳುತ್ತದೆ. ಬುಡದಲ್ಲಿ ಹುಟ್ಟುವ ಮರಿಗಳನ್ನು ಉಮ್ಮ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆಲ್ಲ ಹಂಚಿದರು. ಅವರು ತೀರಿಕೊಂಡ ಮೇಲೆ ಎರಡು ಮಳೆಗಾಲಗಳಲ್ಲಿ ತಾಯಿಗಿಡ ಕೊಳೆಯಿತು, ತಂಗಿಯ ಮನೆಯದ್ದೂ ಕೊಳೆಯಿತು. ಉಳಿದದ್ದು ನನ್ನದೊಂದು ಕುಂಡ, ಅಕ್ಕನದೊಂದು. ಬೀಜವಾದರೂ ಮಾಡಿಟ್ಟುಕೊಳ್ಳೋಣವೆಂದು ಒಂದರ ಪರಾಗವನ್ನು ಇನ್ನೊಂದಕ್ಕೆ ತಾಗಿಸಿದೆ. ಹೂ ಉದುರಿತು, ಕಾಯಿ ಕಟ್ಟಲಿಲ್ಲ.

ತಪ್ಪು ಆಮೇಲೆ ತಿಳಿಯಿತು. ಈ ಗಿಡ ಸಾಮಾನ್ಯವಾಗಿ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಮರಿ ಕಿತ್ತು ನೆಟ್ಟದ್ದು ಬೇರೆ ಗಿಡವಲ್ಲ, ಅದೇ ಗಿಡದ ತುಂಡು. ಹತ್ತು ಮನೆಗೆ ಹಂಚಿದರೂ ಲೆಕ್ಕಕ್ಕೆ ಒಂದೇ! ಇದರ ತವರಾದ ದಕ್ಷಿಣ ಅಮೆರಿಕದಲ್ಲಿ ರಾತ್ರಿ ಹಾರುವ ದೊಡ್ಡ ಪತಂಗಗಳು ಗಿಡದಿಂದ ಗಿಡಕ್ಕೆ ಪರಾಗ ಒಯ್ಯುತ್ತವೆ. ಇಲ್ಲಿ ಆ ಕೆಲಸ ನಮ್ಮ ಕೈಯಿಂದಲೇ ಆಗಬೇಕು. ಮದೀನದ ರೈತರು ಖರ್ಜೂರಕ್ಕೆ ಹೀಗೆಯೇ ಮಾಡುತ್ತಿದ್ದರೆಂದು ಹದೀಸ್ ಪಾಠದಲ್ಲಿ ಓದಿದ್ದೆ. ಬಿ.ಎ. ಮಾಡಿದ ನನಗೆ ಗೊತ್ತಿದ್ದ ಸಸ್ಯಶಾಸ್ತ್ರ ಅಷ್ಟೇ.

ಗೆಳೆಯನ ಮನೆಯ ಗಿಡ ಗುಲಾಬಿ ಹೂ ಬಿಡುತ್ತದೆ. ಅಂದರೆ ಅದು ನಮ್ಮದರ ತುಂಡಲ್ಲ. ಮೊಗ್ಗು ಬಂದಿದೆ ಎಂದು ಅವನು ಫೋನ್ ಮಾಡಿದ ದಿನವೇ ಹೊರಟೆ. ಆಗುಂಬೆ ಹತ್ತಿ ಶಿವಮೊಗ್ಗ ದಾಟಿದಂತೆ ಹಸಿರು ತೆಳುವಾಗುತ್ತ ಬಂತು. ದುರ್ಗದಲ್ಲಿ ಸಂಜೆಯಾದರೂ ಬಂಡೆಗಳ ಕಾವು ಆರಿರಲಿಲ್ಲ. ಈ ಒಣ ಸೀಮೆಯ ಬೇಲಿಗಳಲ್ಲಿ ಮುರಿದರೆ ಹಾಲು ಸುರಿಸುವ ಕಳ್ಳಿಗಳಿವೆ. ಅವು ನಮ್ಮ ಕುಂಡದ ಕಳ್ಳಿಯ ಬಂಧುಗಳಲ್ಲ, ಬೇರೆಯದೇ ಕುಟುಂಬ.

"ಹೂವಿನ ಧೂಳಿಗೆ ಇಷ್ಟು ದೂರ ಬಂದೆಯಾ ಬೇಟಾ? ಒಂದು ಮರಿ ತಗೊಂಡು ಹೋಗು" ಎಂದರು ಗೆಳೆಯನ ಅಮ್ಮಿ. ಮರಿಯನ್ನೂ ತಂದೆ. ಆದರೆ ಅದು ಹೂಬಿಡಲು ವರ್ಷಗಳು ಬೇಕು. ಬೆಳಿಗ್ಗೆ ಹೂವಿನ ಕೇಸರಗಳನ್ನು ಉಗುರು ಕತ್ತರಿಯಿಂದ ಕಾಗದದ ಮೇಲೆ ಕತ್ತರಿಸಿ, ನೆರಳಲ್ಲಿ ಒಣಗಿಸಿ ಮಡಚಿದೆ. ಮಾತ್ರೆಯ ಬಾಟಲಿಯಲ್ಲಿ ತೇವ ಹೀರುವ ಸಣ್ಣ ಪೊಟ್ಟಣ ಇರುತ್ತದಲ್ಲ, ಅದರ ಜೊತೆ ಇಟ್ಟು ಮುಚ್ಚಿದೆ. ಮನೆಗೆ ಬಂದ ಮೇಲೆ ಫ್ರಿಜ್ಜಿನಲ್ಲಿಟ್ಟೆ. ಮೀನಿನ ಡಬ್ಬಿಯ ಪಕ್ಕ ಇದೇನೆಂದು ಮನೆಯವಳು ಎರಡು ಸಲ ಕೇಳಿದಳು.

ಎಂಟನೆಯ ದಿನ ನಮ್ಮ ಗಿಡದಲ್ಲಿ ಎರಡು ಹೂ ಅರಳಿದವು. ಹೂವಿನ ನಡುವೆ ನಕ್ಷತ್ರದಂತೆ ಕವಲೊಡೆದ ಅಂಟು ತುದಿಗೆ, ಮಗಳ ಚಿತ್ರದ ಕುಂಚದಿಂದ ಪರಾಗ ಸವರಿದೆ. ಒಂದಕ್ಕೆ ಮಾತ್ರ ಸವರಿ ದಾರ ಕಟ್ಟಿದೆ. ಇನ್ನೊಂದನ್ನು ಹಾಗೆಯೇ ಬಿಟ್ಟೆ. ಬಿಟ್ಟದ್ದು ಉದುರಿತು. ದಾರ ಕಟ್ಟಿದ್ದರ ಬುಡ ದಪ್ಪವಾಯಿತು.

ಮಳೆ ಹಿಡಿದಾಗ ಕುಂಡವನ್ನು ಒಳಗೆ, ಕಿಟಕಿಯ ಬಳಿಗೆ ತಂದೆ. ಸುಮಾರು ಒಂದೂವರೆ ತಿಂಗಳಿಗೆ ರೋಮಭರಿತ ಕಾಯಿ ತಾನಾಗಿ ಬಿರಿಯಿತು. ಬಿಳಿ ತಿರುಳು, ಅದರಲ್ಲಿ ಸಾಸಿವೆಗಿಂತ ಸಣ್ಣ ಕರಿ ಬೀಜ. ತಿರುಳು ಉಳಿದರೆ ಬೂಷ್ಟು ಬರುತ್ತದೆ. ಆದ್ದರಿಂದ ಚಹಾ ಸೋಸುವ ಜಾಲರಿಯಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಜರಡಿ ಹಿಡಿದ ಮರಳು, ಗೊಬ್ಬರದ ಮೇಲೆ ಉದುರಿಸಿ, ಮಣ್ಣು ಮುಚ್ಚದೆ, ಪ್ಲಾಸ್ಟಿಕ್ ಹೊದಿಸಿದೆ. ಹತ್ತನೆಯ ದಿನ ಹಸಿರು ಮಣಿಗಳು ಕಂಡವು.

ಅಕ್ಕ ಬಗ್ಗಿ ನೋಡಿದರು. "ಇದು ಉಮ್ಮನ ಗಿಡ ಅಲ್ಲವಲ್ಲ, ಅರ್ಧ ಬೇರೆಯವರದ್ದು" ಎಂದರು. ನಿಜವೇ. ಉಮ್ಮನ ಗಿಡ ಅದೇ ರೂಪದಲ್ಲಿ ಬೇಕಿದ್ದರೆ ಮರಿಯನ್ನೇ ಕಾಯಬೇಕು. ಅವರ ಕುಂಡವನ್ನು ಅವರು ಈಗಲೂ ಮಳೆಗಾಲದಲ್ಲಿ ಮಲಗುವ ಕೋಣೆಯಲ್ಲೇ ಇಡುತ್ತಾರೆ.

ಬೀಜದ ಸಸಿಗಳಲ್ಲಿ ಇಪ್ಪತ್ತಮೂರು ಉಳಿದಿವೆ. ಹೂವಿನ ಬಣ್ಣ ಯಾವುದೋ, ಕಾಯಬೇಕು. ಆರು ಸಸಿಗಳನ್ನು ದುರ್ಗಕ್ಕೆ ಕಳಿಸಿದೆ. ಬಿಸಿಲಿಗಿಡಲೋ ನೆರಳಿಗೋ ಎಂದು ಅಮ್ಮಿ ಫೋನ್ ಮಾಡಿದ್ದರು. ನಿಮ್ಮ ಊರಿನ ಬಿಸಿಲಿಗೆ ಮಾತ್ರ ಈಗಲೇ ಬೇಡ ಎಂದೆ.