ಫೋನ್ ಎತ್ತದ ಆ ರಾತ್ರಿ

ಕಳೆದ ವಾರ ಪಕ್ಕದ ಊರಿನ ಹುಡುಗನೊಬ್ಬ ಫೋನ್ ಮಾಡಿದ್ದ. ಬಿ.ಕಾಂ. ಮುಗಿಸಿದ್ದಾನೆ, ಹುಬ್ಬಳ್ಳಿಯಲ್ಲಿ ಒಂದು ಖಾಸಗಿ ಕಂಪನಿಯ ಇಂಟರ್‌ವ್ಯೂ ಇದೆಯಂತೆ. 'ಅಣ್ಣಾ, ನೀವು ಪೇಪರ್‌ನವ್ರು, ನಾಕ್ ಮಂದಿ ಕೂಡ ಮಾತಾಡೋರು. ಏನ್ ಕೇಳ್ತಾರ, ಏನ್ ಹೇಳ್ಬೇಕು?' ಅಂದ. ನಮಗೆ ನಗು ಬಂತು. ಡಿಪ್ಲೊಮಾ ಮುಗಿದ ಮೇಲೆ ನಾವು ಕೂತ ಇಂಟರ್‌ವ್ಯೂ ಐದು, ಕೆಲಸ ಸಿಕ್ಕಿದ್ದು ಎರಡರಲ್ಲಿ. ಆದರೂ ಅರ್ಧ ಗಂಟೆ ಮಾತಾಡಿದೆವು. ಅವನಿಗೆ ಹೇಳಿದ್ದು, ಹೇಳದೆ ಬಿಟ್ಟಿದ್ದು ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ಸರ್ಕಾರಿ ಕೆಲಸಕ್ಕೆ 'ಇಂಟರ್‌ವ್ಯೂದಾಗ ನಮ್ಮವ್ರು ಅದಾರ, ಇಷ್ಟು ಕೊಡು' ಅಂತ ಕೇಳುವವರು ಈಗಲೂ ನಮ್ಮ ಹಳ್ಳಿಗಳಲ್ಲಿ ಓಡಾಡುತ್ತಾರೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂ ತೆಗೆದುಹಾಕಿದ್ದಾರೆ. ಇಲ್ಲದ ಇಂಟರ್‌ವ್ಯೂ ಪಾಸ್ ಮಾಡಿಸುತ್ತೇನೆ ಅನ್ನುವವನ ಕೈಗೆ ಹೊಲ ಒತ್ತೆ ಇಟ್ಟ ದುಡ್ಡು ಕೊಡಬೇಡಿ.

ನಮ್ಮ ಮೊದಲ ಇಂಟರ್‌ವ್ಯೂ ಕಥೆ ಸಣ್ಣದು. ರೆಸ್ಯೂಮ್ ಮಾಡಿಕೊಟ್ಟವನು ತಾಲೂಕಿನ ಝೆರಾಕ್ಸ್ ಅಂಗಡಿಯವನು. ಹವ್ಯಾಸದ ಜಾಗದಲ್ಲಿ ಎಲ್ಲರಿಗೂ ಒಂದೇ ಸಾಲು ಹಾಕುತ್ತಿದ್ದ: ಓದುವುದು, ಪ್ರವಾಸ, ಸಂಗೀತ ಕೇಳುವುದು. ಎದುರಿಗೆ ಕೂತವರು 'ಕಡೀಕ ಓದಿದ ಪುಸ್ತಕ ಯಾವುದು?' ಅಂದರು. ನಮ್ಮ ಬಾಯಿ ಕಟ್ಟಿತು. ಕನ್ನಡದಲ್ಲೇ ಕೇಳಿದ್ದರು, ಇಂಗ್ಲಿಷ್ ಮೇಲೆ ತಪ್ಪು ಹೊರಿಸುವ ಹಾಗೂ ಇರಲಿಲ್ಲ. ನಿಮ್ಮ ರೆಸ್ಯೂಮನ್ನು ಒಮ್ಮೆಯಾದರೂ ನೀವೇ ಓದಿಕೊಳ್ಳಿ, ಅಷ್ಟೇ.

ಹೇಳದೆ ಬಿಟ್ಟ ಕಥೆ ಬೇರೆ.

ಆಗ ನಾವು ಒಂದು ಪತ್ರಿಕೆಗೆ ತಾಲೂಕಿನಿಂದ ಸುದ್ದಿ ಕಳಿಸುತ್ತಿದ್ದೆವು. ಡೆಸ್ಕ್‌ನಲ್ಲಿ ಹಿರಿಯರೊಬ್ಬರಿದ್ದರು. ಅವರ ಮುಖ ನೋಡಿರಲಿಲ್ಲ, ದನಿ ಅಷ್ಟೇ ಗೊತ್ತಿತ್ತು. ಮೂರು ದಿನ ಓಡಾಡಿ ಬರೆದ ಕೆರೆ ಒತ್ತುವರಿ ಸುದ್ದಿಯನ್ನು ನಾಲ್ಕು ಸಾಲಿಗೆ ಇಳಿಸಿದ್ದರು, ನಮ್ಮ ಹೆಸರೂ ಹೋಗಿತ್ತು. ಅವತ್ತಿನಿಂದ ಅವರ ಮೇಲೆ ಸಿಟ್ಟು. ಕರೆ ಬಂದರೆ ಎರಡನೇ ಸಲಕ್ಕೆ ಎತ್ತುವುದು, 'ಹೂಂ ಸರ್' ಅಂತ ಇಡುವುದು. ಯಾಕೆ ಇಳಿಸಿದಿರಿ ಅಂತ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಜಾಹೀರಾತು ಬಂದು ಪುಟದಲ್ಲಿ ಜಾಗ ಹೋಗಿತ್ತು ಅನ್ನುವುದು ಅವತ್ತೇ ಗೊತ್ತಾಗುತ್ತಿತ್ತು.

ಒಂದು ಸಂಜೆ ಹೆದ್ದಾರಿಯಲ್ಲಿ ಬೈಕಿಗೆ ಲಾರಿ ಬಡಿಯಿತು. ಸವಾರ ಅಲ್ಲೇ ಹೋದ. ಗಾಡಿಯ ಕಾಗದದಲ್ಲಿದ್ದ ಹೆಸರು ನೋಡಿಕೊಂಡೆವು, ವಯಸ್ಸನ್ನು ಊರಿನವರೊಬ್ಬರನ್ನು ಕೇಳಿ ಬರೆದೆವು, ಕಳಿಸಿಬಿಟ್ಟೆವು. ರಾತ್ರಿ ಹತ್ತೂವರೆಗೆ ಡೆಸ್ಕ್ ಕರೆ. ಕಟ್ ಮಾಡಿದೆವು. ಮತ್ತೆ ಬಂತು. ಫೋನನ್ನು ದಿಂಬಿನ ಕೆಳಗೆ ಇಟ್ಟು ಮಲಗಿದೆವು. 'ಇವತ್ತೂ ಏನೋ ಕೊಂಕು ತೆಗೀತಾರ' ಅನ್ನೋ ಧಿಮಾಕು.

ಬೈಕು ಅಣ್ಣನ ಹೆಸರಿನಲ್ಲಿತ್ತು. ಸತ್ತವನು ತಮ್ಮ. ಸುದ್ದಿಯಲ್ಲಿ ಒಂದು ಕಡೆ 32, ಇನ್ನೊಂದು ಕಡೆ 38 ವರ್ಷ ಅಂತಿತ್ತು. ಡೆಸ್ಕ್‌ನವರು ಕರೆ ಮಾಡಿದ್ದು ಅದನ್ನು ಕೇಳಲು.

ಬೆಳಗ್ಗೆ ಅಣ್ಣ ಸರ್ಕಾರಿ ಆಸ್ಪತ್ರೆಯ ಶವಾಗಾರದ ಮುಂದೆ ತಮ್ಮನ ದೇಹಕ್ಕೆ ಕಾಯುತ್ತಿದ್ದ. ಪೇಪರ್ ನೋಡಿ ಅವನ ಹೆಂಡತಿಯ ತವರಿನವರು ಎದೆ ಬಡಿದುಕೊಂಡು ಬಂದರು. ಬದುಕಿದ್ದವನನ್ನು ಕಂಡು ನಿಂತಲ್ಲೇ ಕುಸಿದರು. ನಾವು ಹೋಗಿ ಕೈಮುಗಿದೆವು. ಅವನು ಬೈಯಲಿಲ್ಲ. 'ನನ್ನ ಸಾಯಿಸಿದ್ರಿ, ಇರ್ಲಿ ಬಿಡ್ರಿ. ತಮ್ಮನ ಹೆಸರು ಪೇಪರ್‌ದಾಗ ಬರ್ಲೇ ಇಲ್ಲಲ್ರಿ' ಅಂದ. ಆ ಮಾತಿಗೆ ನಮ್ಮ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಮರುದಿನ ತಿದ್ದುಪಡಿ ಬಂತು, ತಮ್ಮನ ಹೆಸರಿನೊಂದಿಗೆ. ನಮ್ಮನ್ನು ಕೆಲಸದಿಂದ ಬಿಡಿಸಿದರು. ಡೆಸ್ಕ್‌ನ ಹಿರಿಯರಿಗೆ ಫೋನ್ ಮಾಡಿದಾಗ ಅವರು ಅಂದದ್ದು: 'ನೀ ಎತ್ತಲಿಲ್ಲ ಅಂದಮ್ಯಾಲೆ ಹೆಸರು ತಗದು ಹಾಕ್ಬೇಕಿತ್ತು. ನಂದೂ ತಪ್ಪೈತಿ.' ಅವರ ಪಾಲು ಅವರೇ ಎತ್ತಿಕೊಂಡರು. ನಮಗೆ ಇನ್ನಷ್ಟು ನಾಚಿಕೆಯಾಯಿತು.

ಆಮೇಲಿನ ಇಂಟರ್‌ವ್ಯೂದಲ್ಲಿ ಎದುರಿಗೆ ಮೂವರು. 'ಹಳೇ ಕಡೆ ಯಾಕ ಬಿಟ್ರಿ?' ಅಂದರು. 'ಒಳ್ಳೆ ಅವಕಾಶಕ್ಕೆ' ಅಂತ ಹೇಳು ಎಂದು ಗೆಳೆಯರು ಕಲಿಸಿ ಕಳಿಸಿದ್ದರು. ಆದರೆ ಸುದ್ದಿ ಲೋಕ ಸಣ್ಣದು, ಅವರು ಒಂದು ಫೋನ್ ಮಾಡಿದರೆ ಎಲ್ಲ ಗೊತ್ತಾಗುತ್ತದೆ. ಇದ್ದದ್ದನ್ನು ಹೇಳಿದೆವು. 'ಈಗ ಏನ್ ಮಾಡ್ತೀರಿ?' ಎಂದರು. ಹೆಸರು, ವಯಸ್ಸು, ತಂದೆಯ ಹೆಸರನ್ನು ಮನೆಯವರೊಬ್ಬರ ಮುಂದೆ ಓದಿ ಹೇಳಿ ಕಳಿಸುತ್ತೇವೆ, ಪುಟ ಹೋಗುವ ತನಕ ಫೋನ್ ಕೈಯಲ್ಲಿರುತ್ತದೆ ಅಂದೆವು. ಹದಿನೈದು ದಿನಕ್ಕೆ ಕರೆ ಬಂತು. ಸುಳ್ಳು ಹೇಳಬಾರದು, ಮುಂದೆ ಇನ್ನೊಂದು ಕಡೆ ಇದೇ ಕಥೆ ಹೇಳಿದಾಗ ಅವರ ಮುಖ ಬಾಡಿತು, ಕೆಲಸ ಸಿಗಲಿಲ್ಲ.

ಹೊಸ ಕೆಲಸ ಸೇರಿದ ವಾರವೇ ಬಸ್ ಹತ್ತಿ ಡೆಸ್ಕ್‌ಗೆ ಹೋಗಿ ಎಲ್ಲರ ಜೊತೆ ಚಹಾ ಕುಡಿದು ಬಂದೆವು. ಈಗ ಕೆಲಸದ ಸಂಬಂಧವೆಲ್ಲ ವಾಟ್ಸಾಪ್‌ನಲ್ಲೇ. 'ಸುದ್ದಿ ಬೇಗ' ಅನ್ನುವ ಎರಡು ಪದ ಓದಿದರೆ ಬೈದಂತೆ ಕಾಣುತ್ತದೆ. ಮುಖ ಗೊತ್ತಿದ್ದರೆ ಅದೇ ಪದ ಅವಸರದಂತೆ ಕಾಣುತ್ತದೆ.

ಆದರೆ ಎಲ್ಲವನ್ನೂ ಹೊಂದಿಕೊಂಡು ಹೋಗಿ ಅಂತ ನಾವು ಹೇಳುತ್ತಿಲ್ಲ. ನಮ್ಮ ಬ್ಯಾಚಿನ ಗೆಳತಿಯೊಬ್ಬಳು ಮೇಲಿನವನ ಕಾಟಕ್ಕೆ ಕೆಲಸವನ್ನೇ ಬಿಟ್ಟಳು. 2013ರ ಕಾನೂನಿನ ಪ್ರಕಾರ ಹತ್ತು ಜನ ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಕಚೇರಿಯವರು, ಮಾಲೀಕನ ಮೇಲೇ ದೂರು ಇರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ಪತ್ರಿಕೋದ್ಯಮ ಓದಿದ ನಮಗೇ ಆಗ ಇದು ಗೊತ್ತಿರಲಿಲ್ಲ.

ಆ ಹುಡುಗನ ಇಂಟರ್‌ವ್ಯೂ ಸೋಮವಾರ ಹನ್ನೊಂದಕ್ಕೆ. ಏಳರ ಬಸ್ಸಿಗೆ ಹೋಗ್ತೀನಿ ಅಂದ. ಸೋಮವಾರ ಆ ಬಸ್ಸಿಗೆ ಕಾಲಿಡಲು ಜಾಗ ಇರುವುದಿಲ್ಲ, ಇಸ್ತ್ರಿ ಮಾಡಿದ ಅಂಗಿ ಮುದ್ದೆಯಾಗುತ್ತದೆ. ಆರರದಕ್ಕೆ ಹೋಗು ಅಂದಿದ್ದೇವೆ.