ಕಾಳು ಕಾಳಾಗಿಯೇ ಇತ್ತು

ದನ, ಎಮ್ಮೆ ಸಾಕಿ ಗೊತ್ತಿದ್ದ ಮನೆ ನಮ್ಮದು. ಆ ಧೈರ್ಯದ ಮೇಲೆಯೇ ಕಸ್ತೂರಿಯನ್ನು ಮಂಡ್ಯದ ಹತ್ತಿರದ ನಮ್ಮ ಹಳ್ಳಿಗೆ ಕರೆತಂದೆ. ರೇಸಿನಲ್ಲಿ ಓಡಿ, ಆಮೇಲೆ ಸವಾರಿ ಕಲಿಯುವ ಮಕ್ಕಳನ್ನು ಹೊತ್ತು, ವಯಸ್ಸಾಯಿತೆಂದು ಮಾರಾಟಕ್ಕೆ ಬಂದಿದ್ದ ಹೆಣ್ಣುಕುದುರೆ. ಬಂದ ವರ್ಷವೇ ಅದರ ಕೆಂಗಂದು ಮೈ ಮಂಕಾಗತೊಡಗಿತು. ಬೆನ್ನ ಮೇಲೆ ಕೈಯಾಡಿಸಿದರೆ ರೋಮ ಒರಟು. ಪಕ್ಕೆಲುಬು ಎಣಿಸುವಂತಿದ್ದರೂ ಹೊಟ್ಟೆ ಮಾತ್ರ ಜೋತುಬಿದ್ದಿತ್ತು. ಹಾಲಿನ ಡೇರಿಯ ಹತ್ತಿರ ಯಾರೋ, ‘ಮೇಷ್ಟ್ರು ಅದರ ಹೊಟ್ಟೆಗೆ ಏನಾದ್ರೂ ಹಾಕ್ತಾರೋ, ಬರೀ ನೋಡಕ್ಕೆ ತಂದವ್ರೋ’ ಅಂದದ್ದು ನನ್ನ ಕಿವಿಗೂ ಬಿತ್ತು. ಆ ಮಾತು ಚುಚ್ಚಿತು. ಅದೇ ಹೊತ್ತಿಗೆ ಊರಹಬ್ಬದ ಮೆರವಣಿಗೆಗೆ ಕುದುರೆ ಕೊಡಿ ಎಂದು ಯಜಮಾನರು ಕೇಳಿದರು. ಒಪ್ಪಿಕೊಂಡೆ. ಹಬ್ಬದೊಳಗೆ ಅದರ ಮೈ ಹೊಳೆಯಲೇಬೇಕು ಎಂದು ಹಟ ಹಿಡಿದೆ.

ಮೊದಲು ಹುರುಳಿ ಹೆಚ್ಚಿಸಿದೆ. ಕುದುರೆಗೆ ಹುರುಳಿ ಹಾಕಬೇಕೆಂಬುದು ಯಾರಿಗೆ ತಾನೇ ಗೊತ್ತಿಲ್ಲ? ಹಾಕುತ್ತಿದ್ದದ್ದನ್ನು ನೋಡುನೋಡುತ್ತಲೇ ದುಪ್ಪಟ್ಟು ಮಾಡಿದೆ. ಪುರುಸೊತ್ತಿಲ್ಲದ ದಿನ ಬೇಯಿಸದೆ ಬರೀ ನೆನೆಸಿ ಸುರಿದೆ. ಜೊತೆಗೆ ಬೂಸಾ, ಬೆಲ್ಲ. ಮೇವಿಗೆ ಮನೆಯಲ್ಲಿದ್ದ ಭತ್ತದ ಹುಲ್ಲೇ. ಹಸು ತಿನ್ನುವುದನ್ನು ಕುದುರೆ ತಿನ್ನದೇ ಎಂಬ ಲೆಕ್ಕ. ದಿನ ಬಿಟ್ಟು ದಿನ ಶಾಂಪೂ ಹಾಕಿ ತೊಳೆದೆ. ತೊಳೆದ ಮೇಲೆ ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಮೈಗೆಲ್ಲ ಸವರಿದೆ. ಗಳಿಗೆ ಹೊತ್ತು ಹೊಳೆಯುತ್ತಿತ್ತು. ಸಂಜೆಗೆ ಎಣ್ಣೆಗೆ ಧೂಳು ಮೆತ್ತಿ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿತ್ತು. ಮತ್ತೆ ಶಾಂಪೂ. ರೋಮಕ್ಕೆ ಹೊಳಪು ಕೊಡುವುದು ಚರ್ಮ ತಾನೇ ಒಸರುವ ಎಣ್ಣೆಯಂಶ, ಅದನ್ನೇ ನಾನು ತೊಳೆದು ಚರಂಡಿಗೆ ಬಿಡುತ್ತಿದ್ದೇನೆ ಎಂದು ಆಗ ತಿಳಿಯಲಿಲ್ಲ.

ಹಬ್ಬದ ಹಿಂದಿನ ರಾತ್ರಿ ಕಸ್ತೂರಿ ಮೇವು ಮುಟ್ಟಲಿಲ್ಲ. ಮುಂಗಾಲಿನಿಂದ ನೆಲ ಕೆರೆಯಿತು, ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಂಡಿತು. ಮೈಯೆಲ್ಲ ಬೆವರು. ಮಲಗಿ ಹೊರಳಾಡತೊಡಗಿದಾಗ ಪಶುವೈದ್ಯರಿಗೆ ಫೋನ್ ಮಾಡಿದೆ. ಕುದುರೆಗೆ ವಾಂತಿ ಮಾಡಲಾಗದು. ತಿಂದದ್ದು ಹುಳಿತು ಹೊಟ್ಟೆಯುಬ್ಬಿದರೆ ಜೀವಕ್ಕೇ ಅಪಾಯ. ಡಾಕ್ಟರು ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಇಂಜೆಕ್ಷನ್ ಕೊಟ್ಟರು, ಮೂಗಿನಿಂದ ಕೊಳವೆ ಇಳಿಸುತ್ತಾ, ‘ಹುರುಳಿ ಎಷ್ಟು ಹಾಕ್ತಿದ್ರಿ?’ ಅಂದರು. ಬೇಲಿಯಾಚೆ ಯಜಮಾನರೂ ಡೇರಿಯ ಹುಡುಗರೂ ನಿಂತಿದ್ದರು. ಹಾಕುತ್ತಿದ್ದುದರಲ್ಲಿ ಅರ್ಧ ಹೇಳಿದೆ. ನೋವಿಗೆ ನಡುಗುತ್ತಿದ್ದ ಪ್ರಾಣಿಯ ಹಗ್ಗ ಹಿಡಿದುಕೊಂಡು, ಅದನ್ನು ಉಳಿಸಲು ಬಂದವರಿಗೇ ಸುಳ್ಳು ಹೇಳಿದೆ. ಅವರು ಒಮ್ಮೆ ನನ್ನ ಮುಖ ನೋಡಿ, ‘ಸರಿಯಾಗಿ ಹೇಳಿ ಮೇಷ್ಟ್ರೇ’ ಅಂದರು. ಎಲ್ಲರಿಗೂ ಕೇಳುವಂತೆ ನಿಜ ಹೇಳಬೇಕಾಯಿತು. ಕ್ಲಾಸಿನಲ್ಲಿ ಸಿಕ್ಕಿಬಿದ್ದ ಮಕ್ಕಳ ಮುಖ ಹೇಗಿರುತ್ತದೆಂದು ಬಲ್ಲವನು ನಾನು. ಅಂದು ನನ್ನ ಮುಖ ಹಾಗಿದ್ದಿರಬೇಕು.

ಕಸ್ತೂರಿ ಬದುಕಿತು. ಮೆರವಣಿಗೆ ಕುದುರೆಯಿಲ್ಲದೆ ಹೋಯಿತು.

ಆಮೇಲೆ ಮೈಸೂರಿನಿಂದ ಹಳೆಯ ಟಾಂಗಾ ಸಾಬರೊಬ್ಬರನ್ನು ಕರೆಸಿಕೊಂಡೆ. ಅವರು ಮೈ ನೋಡಲೇ ಇಲ್ಲ. ನೇರ ಲದ್ದಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು, ಒಂದು ಉಂಡೆ ಎತ್ತಿ ಬೆರಳಲ್ಲಿ ಒಡೆದು ನನ್ನ ಮುಂದೆ ಹಿಡಿದರು. ಉದ್ದುದ್ದ ಹುಲ್ಲಿನ ಎಳೆಗಳ ನಡುವೆ ಹುರುಳಿ ಕಾಳು ಕಾಳಾಗಿಯೇ ಇತ್ತು. ಸಿಪ್ಪೆ ಕೂಡ ಒಡೆದಿರಲಿಲ್ಲ. ‘ನೋಡಿ ಮೇಷ್ಟ್ರೇ, ನೀವು ಹಾಕಿದ್ದು ಹಂಗೇ ವಾಪಸ್ ಬಂದದೆ. ಅದಕ್ಕೆ ಅಗಿಯಕ್ಕೆ ಆಯ್ತಾ ಇಲ್ಲ.’ ಕೆನ್ನೆಯ ಹೊರಗಿನಿಂದಲೇ ದವಡೆಯ ಮೇಲೆ ಬೆರಳೊತ್ತಿದರು. ಕಸ್ತೂರಿ ತಲೆ ಕೊಡವಿ ಹಿಂದೆ ಸರಿಯಿತು.

ಕುದುರೆಯ ದವಡೆ ಹಲ್ಲು ವರ್ಷವರ್ಷವೂ ಒಸಡಿನಿಂದ ಹೊರಬರುತ್ತಲೇ ಇರುತ್ತದೆ. ಸಮನಾಗಿ ಸವೆಯದಿದ್ದರೆ ಅಂಚು ಚೂಪಾಗಿ ಕೆನ್ನೆಯನ್ನೂ ನಾಲಗೆಯನ್ನೂ ಕುಯ್ಯುತ್ತದೆ. ಡಾಕ್ಟರು ಮತ್ತೆ ಬಂದು, ಮಂಪರು ಬರಿಸಿ, ಅರದಿಂದ ಉಜ್ಜಿ ಸಮ ಮಾಡಿದರು. ಲದ್ದಿ ಪರೀಕ್ಷೆಯಲ್ಲಿ ಜಂತುಹುಳುವಿನ ಮೊಟ್ಟೆಯೂ ಸಿಕ್ಕಿತು. ಜೋತುಬಿದ್ದ ಹೊಟ್ಟೆಯ ಗುಟ್ಟು ಅದರಲ್ಲೂ ಇತ್ತು.

ಮೇವಿನ ಕ್ರಮವೂ ಬದಲಾಯಿತು. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ 6ರಿಂದ 8 ಕಿಲೋ ಒಣಮೇವು ಬೇಕು. ಅದರ ಜಠರ ಹಿಡಿಸುವುದು 8ರಿಂದ 15 ಲೀಟರ್ ಅಷ್ಟೇ. ಹಾಗಾಗಿ ಸ್ವಲ್ಪ ಸ್ವಲ್ಪವಾಗಿ ದಿನವಿಡೀ ತಿನ್ನುತ್ತಿರಬೇಕು. ಈಗ ಕಸ್ತೂರಿಗೆ ಬದುವಿನ ಗರಿಕೆ, ಒಣಹುಲ್ಲು, ಒಂದಿಷ್ಟು ಕುದುರೆ ಮಸಾಲೆ ಸೊಪ್ಪು. ಹುರುಳಿ ಕಡಿಮೆ, ಅದೂ ಹಿಸುಕಿದರೆ ಮೆತ್ತಗೆ ಒಡೆಯುವಂತೆ ಬೆಂದದ್ದು. ಬೂಸಾದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ದಿನವೂ ಬಕೆಟ್‌ಗಟ್ಟಲೆ ಕೊಟ್ಟರೆ ಮೂಳೆ ಸೊರಗುತ್ತದೆ, ಆದ್ದರಿಂದ ಅದನ್ನು ಬಿಟ್ಟೆ. ರೋಮಕ್ಕೆ ಒಳ್ಳೆಯದೆಂದು ಒಂದು ಹಿಡಿ ಅಗಸೆ, ಚೆನ್ನಾಗಿ ಕುದಿಸಿಯೇ. ತಾಮ್ರ, ಸತುವಿರುವ ಖನಿಜ ಮಿಶ್ರಣ, ನೆಕ್ಕಲು ಉಪ್ಪು. ಯಾವುದನ್ನೇ ಬದಲಿಸಿದರೂ ವಾರ-ಹತ್ತು ದಿನದಲ್ಲಿ ನಿಧಾನವಾಗಿ. ಶಾಂಪೂ ಇಲ್ಲ. ರಬ್ಬರ್ ಹಲ್ಲಿನ ಬ್ರಷ್ಷಿನಿಂದ ಸುತ್ತಿಸಿ ಸುತ್ತಿಸಿ ತಿಕ್ಕಿ ಧೂಳೆಬ್ಬಿಸಿ, ಆಮೇಲೆ ನಾರಿನ ಬ್ರಷ್ಷಿನಿಂದ ರೋಮ ಮಲಗಿದ ಕಡೆಗೇ ಎಳೆಯಬೇಕು. ಸಾಬರು ತಮ್ಮ ಹಣೆಯಲ್ಲಿ ಬೆವರಿಳಿಯುವವರೆಗೂ ತಿಕ್ಕಿ ತೋರಿಸಿದರು.

ಹೊಳಪು ಬರಲು ತಿಂಗಳುಗಳೇ ಹಿಡಿದವು. ಬೆಳೆದು ನಿಂತ ರೋಮವನ್ನು ಯಾವ ಮೇವೂ ತಿದ್ದಲಾರದು. ಅದು ಉದುರಿ ಹೊಸದು ಬರಬೇಕು. ಹಬ್ಬದ ತಾರೀಖು ಹಿಡಿದುಕೊಂಡು ಆ ಅವಧಿಯನ್ನು ನಾನು ಎಳೆದು ತರಲು ಹೋಗಿದ್ದೆ.

ಇವತ್ತಿಗೂ ನನ್ನನ್ನು ಕೊರೆಯುವುದು ಬೇರೆ. ಅಗಿಯಲಾರದೆ ಕಸ್ತೂರಿ ಬಾಯಿಂದ ಉಗಿಯುತ್ತಿದ್ದ ಹುಲ್ಲಿನ ಒದ್ದೆ ಮುದ್ದೆಗಳನ್ನು ದಿನವೂ ನಾನೇ ಗುಡಿಸಿ ಎಸೆದಿದ್ದೆ. ನೋವನ್ನು ಅದು ಕಣ್ಣೆದುರೇ ಹೇಳುತ್ತಿತ್ತು. ಡೇರಿಯವರು ನನ್ನ ಬಗ್ಗೆ ಏನಂದರು ಎಂಬುದನ್ನೇ ಮೆಲುಕು ಹಾಕುತ್ತಿದ್ದವನಿಗೆ ಅದಕ್ಕೇನಾಗಿದೆ ಎಂದು ಕೇಳಿಕೊಳ್ಳಲು ಪುರುಸೊತ್ತಿರಲಿಲ್ಲ. ಆ ಮಾತಿನಲ್ಲಿ ನಿಜವಿತ್ತು ಎಂಬುದನ್ನು ಒಪ್ಪಿಕೊಳ್ಳಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಹೊಟ್ಟೆಗೆ ಹಾಕುತ್ತಿದ್ದೆ, ಅದಕ್ಕೆ ದಕ್ಕುತ್ತಿರಲಿಲ್ಲ.

ಲಾಯ ಗುಡಿಸುವ ಕೆಲಸವನ್ನು ಈಗಲೂ ಆಳಿಗೆ ಬಿಟ್ಟಿಲ್ಲ. ಲದ್ದಿ ಒಡೆದು ನೋಡುತ್ತೇನೆ. ಎಳೆ ಉದ್ದವಾಗಿ ಕಂಡರೆ, ಇಡೀ ಕಾಳು ಸಿಕ್ಕರೆ, ಡಾಕ್ಟರಿಗೆ ಫೋನ್ ಮಾಡುತ್ತೇನೆ. ಹುರುಳಿ ಎಷ್ಟು ಹಾಕುತ್ತಿದ್ದೇನೆಂದು ಅವರು ಕೇಳುವ ಮೊದಲೇ ಹೇಳುತ್ತೇನೆ.