ಕಾಠಿಯಾವಾಡದಿಂದ ಬಂದ ಸೊಸೆ

ಬಸವನಗುಡಿಯಲ್ಲಿ ಆಟೊ ಹತ್ತಿ ಮಾರ್ಕೆಟ್ಟಿಗೆ ಹೊರಟವರು ಮೈಸೂರು ರಾಜಮನೆತನದ ನಡುವೆಯೇ ಹಾದುಹೋಗುತ್ತಾರೆ. ವಾಣಿವಿಲಾಸ ರಸ್ತೆ ಅತ್ತೆಯದು. ಕೃಷ್ಣರಾಜೇಂದ್ರ ರಸ್ತೆ, ಮಾರ್ಕೆಟ್ಟು ಎರಡೂ ಗಂಡನವು. ಪಕ್ಕದ ಚಾಮರಾಜಪೇಟೆ ಮಾವನದು, ಆಚೆಯ ನರಸಿಂಹರಾಜ ರಸ್ತೆ ಮೈದುನನದು. ಇವರೆಲ್ಲರ ಮನೆ ತುಂಬಿದ ಸೊಸೆಯ ಹೆಸರು ಮಾತ್ರ ಈ ದಾರಿಯಲ್ಲಿ ಕಿವಿಗೆ ಬೀಳುವುದಿಲ್ಲ.

ಆಕೆ ಪ್ರತಾಪಕುಮಾರಿ. ಇಂದಿನ ಗುಜರಾತಿಗೆ ಸೇರಿದ ಕಾಠಿಯಾವಾಡದ ಪುಟ್ಟ ಸಂಸ್ಥಾನ ವಣಾದ ರಾಣಾ ಅವರ ಕಿರಿಮಗಳು, 1889ರಲ್ಲಿ ಹುಟ್ಟಿದವರು. 1900ರ ಜೂನ್ 6ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕೈಹಿಡಿದಾಗ ಇನ್ನೂ ಹುಡುಗಿ. ವರನಿಗೆ ಎರಡು ದಿನದ ಹಿಂದಷ್ಟೇ ಹದಿನಾರು ತುಂಬಿತ್ತು. ಮೂರು ವರ್ಷದ ಹಿಂದೆ ಮರದ ಅರಮನೆ ಸುಟ್ಟುಹೋಗಿ, ಹೊಸದರ ಕಟ್ಟಡ ಇನ್ನೂ ಏಳುತ್ತಿದ್ದ ಕಾಲ ಅದು. ಗುಜರಾತಿ ನೆಲದ ಮಗು ಕನ್ನಡದ ಮನೆಗೆ ಹೊಂದಿಕೊಳ್ಳಬೇಕಿತ್ತು.

ರಾಜ್ಯದ ಕೀಲಿಕೈ ಅತ್ತೆ ಕೆಂಪನಂಜಮ್ಮಣ್ಣಿಯವರ ಬಳಿಯಿತ್ತು. 1894ರಲ್ಲಿ ಪತಿ ಕಲ್ಕತ್ತದಲ್ಲಿ ತೀರಿಕೊಂಡ ಮೇಲೆ, ಮಗನ ಪರವಾಗಿ 1902ರವರೆಗೆ ಆಳಿದವರು ಅವರು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹಿಂಡಿದಾಗ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ಮೂಡಿದ್ದು ಅವರ ಆಡಳಿತದಲ್ಲೇ.

ಸೊಸೆಗೆ ಅಂಥ ಸರದಿ ಬರಲಿಲ್ಲ. ಮಕ್ಕಳೂ ಆಗಲಿಲ್ಲ. 1940ರ ಮಾರ್ಚಿನಲ್ಲಿ ಮೈದುನ ಹೋದರು. ಆಗಸ್ಟ್ 3ರಂದು ಬೆಂಗಳೂರಿನ ಅರಮನೆಯಲ್ಲಿ ಗಂಡನೂ ಕಣ್ಮುಚ್ಚಿದರು. ಪಟ್ಟ ಮೈದುನನ ಮಗ ಜಯಚಾಮರಾಜರಿಗೆ ಹೋಯಿತು. ನಲವತ್ತು ವರ್ಷ ಮಹಾರಾಣಿಯಾಗಿದ್ದವರು ರಾಜಮಾತೆಯಾಗಲಿಲ್ಲ.

ಮಾರ್ಕೆಟ್ಟಿನ ಬಳಿ, 1935ರಲ್ಲಿ ತೆರೆದ ವಾಣಿವಿಲಾಸ ಆಸ್ಪತ್ರೆಯ ಮುಂದೆ ಹೆರಿಗೆಯ ಸುದ್ದಿಗೆ ಕಾದ ಅಜ್ಜಿಯರು ಬಿಸಿನೀರಿನ ಫ್ಲಾಸ್ಕು, ಹಳೆ ಸೀರೆಯ ಮೆತ್ತನೆ ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾರೆ. ಹೊರಗಿನಿಂದ ಬಂದ ಸೊಸೆಯನ್ನು ಮಗು ಹುಟ್ಟಿದ ಮೇಲಷ್ಟೇ ತಮ್ಮವಳೆನ್ನುವ ಮನೆಗಳು ಇಂದಿಗೂ ಇವೆ. 2016ರಲ್ಲಿ ರಾಜಸ್ಥಾನದ ಡೂಂಗರಪುರದಿಂದ ತ್ರಿಷಿಕಾ ಕುಮಾರಿ ಇದೇ ಮನೆತನಕ್ಕೆ ಸೊಸೆಯಾಗಿ ಬಂದರು. ಮರುವರ್ಷ ಅವರಿಗೆ ಗಂಡುಮಗು ಹುಟ್ಟಿದಾಗ ನಾಡಿಗೆ ನಾಡೇ ಸಂಭ್ರಮಿಸಿತು. ಆ ಸಂಭ್ರಮ ನ್ಯಾಯವಾದದ್ದೇ. ಆದರೆ ವಾರಸುದಾರನನ್ನು ಹೆರದ ರಾಣಿಯ ಬದುಕೂ ಈ ನಾಡಿನ ಚರಿತ್ರೆಯೇ.

ಪ್ರತಿ ಜೂನ್ 4ರಂದು ನಾಲ್ವಡಿಯವರ ಜಯಂತಿಗೆ ಕನ್ನಂಬಾಡಿ ಕಟ್ಟೆ, 1905ರ ಬೆಂಗಳೂರಿನ ವಿದ್ಯುದ್ದೀಪ, 1915ರ ಸಾಹಿತ್ಯ ಪರಿಷತ್ತುಗಳ ಸ್ಮರಣೆ ನಡೆಯುತ್ತದೆ. ಎರಡೇ ದಿನ ಕಳೆದರೆ ಅವರ ಮದುವೆಯ ದಿನ. ಅಂದು ಚಾಮರಾಜಪೇಟೆಯ ಪರಿಷತ್ತಿನ ಸಭಾಂಗಣದಲ್ಲಿ ಪ್ರತಾಪಕುಮಾರಿಯವರ ಬಗ್ಗೆ ಒಂದು ಉಪನ್ಯಾಸವಾದರೂ ನಡೆಯಬೇಕು.